ಗೇರುಬೀಜದ ನಂಬರು



ನಮ್ಮ ಕೋಟದ ರಸ್ತೆ ಬದಿಯಲ್ಲಿ ಬೆಳಿಗ್ಗೆ ನಿಂತು ಕಾಣಿ. ಬುತ್ತಿ ಚೀಲ ಹಿಡಿದ ಹೆಂಗಸರು ಬಸ್ಸಿಗೆ, ವ್ಯಾನಿಗೆ ಕಾಯುತ್ತಿರುತ್ತಾರೆ. ಅವರಲ್ಲಿ ಬಹಳ ಮಂದಿ ಹೋಗುವುದು ಗೇರುಬೀಜದ ಕಾರ್ಖಾನೆಗೆ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ಕಡೆ ಈ ಕಾರ್ಖಾನೆಗಳಿವೆ. ನಮ್ಮ ಸಂಜೆ ತರಗತಿಗೆ ಬರುವವರಲ್ಲೂ ಅಲ್ಲಿ ದುಡಿಯುವವರಿದ್ದಾರೆ. ಬೀಜ ಒಡೆಯುವವರ ಕೈ ನೋಡಿದರೆ ಗೊತ್ತಾಗುತ್ತದೆ. ಸಿಪ್ಪೆಯ ಎಣ್ಣೆ ತಾಗಿ ಬೆರಳು ಕಪ್ಪಾಗಿರುತ್ತದೆ. ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಸ್ಲೇಟು ಹಿಡಿಯಲು ನಾಚಿಕೊಂಡದ್ದೂ ಅದೇ ಕೈ.

ಒಂದು ಸಂಜೆ ನಾವು ಮೂರಂಕಿಯ ಪಾಠ ಮಾಡುತ್ತಿದ್ದೆವು. ಹಲಗೆಯ ಮೇಲೆ 320 ಎಂದು ಬರೆದೆವು. ಹಿಂದೆ ಕೂತ ಅಕ್ಕ ಒಬ್ಬರು ಕೇಳಿದರು: "ಅದ್ ನಮ್ ಬೀಜದ್ ನಂಬ್ರ್ ಅಲ್ದಾ?"

ಹೌದು, ಅದೇ ನಂಬರು. ಅವರು ಹದಿನಾರು ವರ್ಷದಿಂದ ಬೀಜ ಆರಿಸುತ್ತಿದ್ದಾರೆ. ತಿರುಳನ್ನು ಕಂಡ ಕೂಡಲೇ ಇದು 240, ಇದು 320 ಎಂದು ಬೇರೆ ಬೇರೆ ಬುಟ್ಟಿಗೆ ಹಾಕುತ್ತಾರೆ. ಆದರೆ 320 ಎಂದರೆ ಏನು? ಅವರಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳುತ್ತೇವೆ, ನಮಗೂ ಗೊತ್ತಿರಲಿಲ್ಲ. ವಿಚಾರಿಸಿ ತಿಳಿದುಕೊಂಡೆವು. ಒಂದು ಪೌಂಡು ಎಂದರೆ ಸುಮಾರು 454 ಗ್ರಾಂ. ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ತೂಗಿದರೆ ಅದು 320ರ ಬೀಜ. 220ರಿಂದ 240 ತೂಗಿದರೆ 240ರ ಬೀಜ. 170ರಿಂದ 180 ಮಾತ್ರ ಹಿಡಿದರೆ 180ರ ಬೀಜ, ಅದು ಎಲ್ಲಕ್ಕಿಂತ ದಪ್ಪ. "ದೊಡ್ಡ ಬೀಜಕ್ಕೆ ಸಣ್ಣ ನಂಬ್ರ್ ಎಂತಕೆ ಅಂದೇಳಿ ಈಗ್ ಗೊತ್ತಾಯ್ತ್" ಎಂದು ಆ ಅಕ್ಕ ನಕ್ಕರು.

ಈ ಕೆಲಸವನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಪಕ್ಕದಲ್ಲಿ ಕೂತವರನ್ನು ನೋಡಿ ಕಲಿತರು. ಅದೂ ತರಬೇತಿಯೇ. ಆದರೆ ಅದಕ್ಕೆ ಸರ್ಟಿಫಿಕೇಟು ಇಲ್ಲ.

ಸಿಪ್ಪೆ ಸುಲಿಯುವ ಇನ್ನೊಬ್ಬ ಅಕ್ಕನ ವಿಷಯ ಕೇಳಿ. ಅವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಅಂಕಿ ಕಲಿತ ಮೇಲೆ ಮಗನ ಹಳೇ ಪುಸ್ತಕದಲ್ಲಿ ದಿನಾ ತೂಕ ಬರೆದಿಡತೊಡಗಿದರು. ತಿಂಗಳ ಕೊನೆಗೆ ಕೂಡಿಸಿದರು. ಸಂಬಳದ ಚೀಟಿಯಲ್ಲಿ 12 ಕಿಲೋ ಕಡಿಮೆ ಇತ್ತು. ಒಬ್ಬರೇ ಹೋಗಲು ಹೆದರಿಕೆ. ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಪುಸ್ತಕ ತೋರಿಸಿದರು. ಲೆಕ್ಕ ಸರಿಯಾಯಿತು. ಯಾರೋ ಬೇಕೆಂದೇ ಮಾಡಿದರೋ, ಕೈತಪ್ಪೋ, ನಾವು ಹೇಳಲಾರೆವು. ಆದರೆ ಅದರ ಹಿಂದಿನ ವರ್ಷಗಳ ಲೆಕ್ಕ ಯಾರು ನೋಡಿದ್ದಾರೆ?

"ಓದು ಕಲಿತರೆ ಕೂಲಿ ಜಾಸ್ತಿ ಆತ್ತಾ?" ಎಂದು ನೀವು ಕೇಳುತ್ತೀರಿ. ಇಲ್ಲ. ಓದು ಬಂದವರಿಗೂ ಬಾರದವರಿಗೂ ಕಿಲೋಗೆ ಒಂದೇ ದರ. ಮೊದಲು ನಾವೂ 'ಕಲಿಯಿರಿ, ಒಳ್ಳೆಯ ಕೆಲಸ ಸಿಗುತ್ತದೆ' ಎಂದು ಹೇಳುತ್ತಿದ್ದೆವು. ಈಗ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಇರುವ ಕೆಲಸವನ್ನು ಒಳ್ಳೆಯ ಕೆಲಸ ಮಾಡಿಕೊಳ್ಳುವುದಕ್ಕೂ ಓದು ಬೇಕು.

ಒಳ್ಳೆಯ ಕೆಲಸ ಎಂದರೆ ಯಾವುದು? 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎಂಬುದೊಂದಿದೆ. ಅದರ ಕಚೇರಿ ಜಿನೀವಾ ಎಂಬ ಊರಿನಲ್ಲಿದೆ. 1999ರಲ್ಲಿ ಅದು ಎಲ್ಲ ದೇಶಗಳ ಮುಂದೆ ಒಂದು ಮಾತು ಇಟ್ಟಿತು: ಕೆಲಸ ಸಿಕ್ಕರೆ ಸಾಲದು, ಅದು ಘನತೆಯ ಕೆಲಸ ಆಗಿರಬೇಕು. ನ್ಯಾಯವಾದ ಕೂಲಿ, ಅಪಾಯವಿಲ್ಲದ ಜಾಗ, ಕಾಯಿಲೆಗೆ ಮತ್ತು ಮುಪ್ಪಿಗೆ ಭದ್ರತೆ, ಒಟ್ಟಾಗಿ ಮಾತಾಡುವ ಹಕ್ಕು. ಇವೆಲ್ಲ ಇರಬೇಕು.

ಇವುಗಳಲ್ಲಿ ಭದ್ರತೆಯ ಗುರುತು ನಿಮ್ಮ ಚೀಟಿಯಲ್ಲೇ ಇರುತ್ತದೆ. ಇ.ಎಸ್.ಐ. ಎಂಬ ಅಕ್ಷರ ಹುಡುಕಿ. 2019ರ ಜುಲೈಯಿಂದ ಅದರ ದರ ನೂರು ರೂಪಾಯಿಗೆ 75 ಪೈಸೆ. 10,000 ರೂಪಾಯಿ ಸಂಬಳಕ್ಕೆ ನೀವು ಕೊಡುವುದು 75 ರೂಪಾಯಿ. ಕಾರ್ಖಾನೆಯವರು 325 ರೂಪಾಯಿ ಸೇರಿಸಿ ಕಟ್ಟಬೇಕು. ಅದರಿಂದ ನಿಮಗೂ ಮನೆಯವರಿಗೂ ಚಿಕಿತ್ಸೆ. ಹೆರಿಗೆಗೆ, ಮೊದಲ ಎರಡು ಮಕ್ಕಳಿಗೆ, 26 ವಾರದ ರಜೆಯ ಹಣ. ಹೆರಿಗೆಯ ಹಣಕ್ಕೆ ಹೇಳಿದಷ್ಟು ದಿನ ವಂತಿಗೆ ಕಟ್ಟಿರಬೇಕು.

ಇನ್ನೊಂದು ಪಿ.ಎಫ್. ಅದಕ್ಕೆ 12 ಅಂಕಿಯ ನಂಬರು ಇರುತ್ತದೆ. ಕಾರ್ಖಾನೆ ಬದಲಾದರೂ ನಂಬರು ಬದಲಾಗಬಾರದು. ಹತ್ತು ವರ್ಷ ಸೇವೆ ತುಂಬಿದರೆ 58ಕ್ಕೆ ಪಿಂಚಣಿ ಉಂಟು. ಹೊಸ ಕಡೆ ಹೋದಾಗ ಹಳೇ ನಂಬರು ಹೇಳದೆ, ನಡುವೆ ಹಣ ತೆಗೆದು, ಎಷ್ಟು ಜನ ವರ್ಷ ಕಳೆದುಕೊಂಡಿದ್ದಾರೋ!

ಈಗ ಸ್ವಲ್ಪ ದೂರ ಹೋಗಿ ಬರುವ. ಗೇರು ನಮ್ಮ ನಾಡಿನದ್ದಲ್ಲ. ನಾನ್ನೂರು ವರ್ಷಕ್ಕೂ ಹಿಂದೆ ಪೋರ್ಚುಗೀಸರು ಬ್ರೆಜಿಲ್ ದೇಶದಿಂದ ತಂದರು. ನಮ್ಮ ಗುಡ್ಡದ ಬೀಜ ಕಾರ್ಖಾನೆಗಳಿಗೆ ಸಾಲದು. ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಿನ ಐವರಿ ಕೋಸ್ಟ್, ಟಾಂಜಾನಿಯಾದಲ್ಲಿ ಹೆಂಗಸರು ಹೆಕ್ಕಿದ ಬೀಜವನ್ನು ಇಲ್ಲಿ ನೀವು ಸುಲಿಯುತ್ತೀರಿ. ವಿಯೆಟ್ನಾಂ ಎಂಬ ದೇಶದವರು ಒಡೆಯಲು, ಸುಲಿಯಲು ಯಂತ್ರ ತಂದು, ತಿರುಳು ಮಾರುವುದರಲ್ಲಿ ನಮ್ಮನ್ನು ಹಿಂದೆ ಹಾಕಿದ್ದಾರೆ. ನಮ್ಮ ಕಡೆಯೂ ಯಂತ್ರ ಬಂದಿದೆ. ಬಣ್ಣ ನೋಡಿ ಬೀಜ ಆರಿಸುವ ಯಂತ್ರವೂ ಉಂಟು.

ಇಲ್ಲೇ ನಮಗೆ ಸಂಕಟ. ಯಂತ್ರ ಬಂದರೆ ಸುಡುವ ಎಣ್ಣೆಯ ಕೆಲಸ ಕಡಿಮೆ, ಅದು ಒಳ್ಳೆಯದೇ. ಆದರೆ ಯಂತ್ರದ ಗುಂಡಿ ಒತ್ತುವವರು ಯಾರು? ನಾವು ಕಂಡ ಕಡೆ ಐ.ಟಿ.ಐ. ಓದಿದ ಹುಡುಗರು. ಬೀಜದ ಗುಣ ಬಲ್ಲ ಹೆಂಗಸರು ಮತ್ತೆ ಕೆಳಗೆ ಕೂತು, ಯಂತ್ರ ಬಿಟ್ಟದ್ದನ್ನು ಸುಲಿಯುತ್ತಾರೆ. ಆ ಗುಂಡಿಗಳ ಮೇಲಿನ ಅಕ್ಷರ ನೀವು ಈಗ ಓದಬಲ್ಲಿರಿ. ಯಂತ್ರ ನಡೆಸುವ ತರಬೇತಿ ನಮಗೂ ಕೊಡಿ ಎಂದು ಕೇಳಬೇಕಾದ ಹೊತ್ತು ಇದೇ. ಮೂರು ನಾಲ್ಕು ಮಂದಿ ಒಟ್ಟಿಗೆ ಕೇಳಿ.

ಬೇರೆ ಕೆಲಸಕ್ಕೆ ಹೋಪ ಮನಸ್ಸಿದ್ದರೆ ಬ್ರಹ್ಮಾವರದಲ್ಲಿ ರುಡ್‌ಸೆಟ್ ಸಂಸ್ಥೆ ಉಂಟು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆಯ ಶಾಖೆ ಅದು. ಸ್ವಂತ ಉದ್ಯೋಗದ ತರಬೇತಿ, ಊಟ, ವಸತಿ ಎಲ್ಲ ಉಚಿತ. ಹೊಲಿಗೆ ಒಳ್ಳೆಯದೇ. ಆದರೆ ಒಂದು ಓಣಿಗೆ ಎಷ್ಟು ಹೊಲಿಗೆ ಮಿಷನ್ ಬೇಕು ಹೇಳಿ? ಮೊದಲು ನಿಮ್ಮ ಊರಲ್ಲಿ ಯಾವುದಕ್ಕೆ ಗಿರಾಕಿ ಉಂಟು ನೋಡಿ, ಆಮೇಲೆ ಹೆಸರು ಬರೆಸಿ.

ಓದಿ, ಲೆಕ್ಕ ಮಾಡಿ

ಸಂಬಳ 8,000 ರೂಪಾಯಿ. ಇ.ಎಸ್.ಐ.ಗೆ ಎಷ್ಟು ಹಿಡಿಯಬೇಕು?

210ರ ಬೀಜ ದಪ್ಪವೋ, 450ರ ಬೀಜವೋ?

ನಿಮ್ಮ ಪಿ.ಎಫ್. ನಂಬರನ್ನು ಇಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ನಾಳೆ ಕೇಳಿಕೊಂಡು ಬನ್ನಿ.