ಸರ್ಕಾರದ ಹೊಣೆಗೆ ಮಿತಿ: ಸಂವಿಧಾನ ಒಪ್ಪುವುದೇ?

1947ರ ಸೆಪ್ಟೆಂಬರಿನಲ್ಲಿ ಅಮೃತಸರದ ಆಭರಣ ಸಂಸ್ಥೆಯೊಂದರ ಪಾಲುದಾರರು ಚಿನ್ನ, ಬೆಳ್ಳಿಗಳೊಡನೆ ಮೀರತ್‌ಗೆ ಹೋಗಿದ್ದಾಗ ಪೊಲೀಸರು ಅವರನ್ನು ಬಂಧಿಸಿ ಸರಕನ್ನು ವಶಪಡಿಸಿಕೊಂಡರು. ಬಿಡುಗಡೆಯ ನಂತರ ಬೆಳ್ಳಿ ಮರಳಿತು. 103 ತೊಲಕ್ಕೂ ಮಿಕ್ಕಿದ ಚಿನ್ನವನ್ನಾದರೋ ಮುಖ್ಯ ಪೇದೆಯೊಬ್ಬ ಅಪಹರಿಸಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಕಸ್ತೂರಿಲಾಲ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ, 1964ರಲ್ಲಿ, ಪೊಲೀಸರ ನಿರ್ಲಕ್ಷ್ಯವನ್ನು ಒಪ್ಪಿಯೂ ಸರ್ವೋಚ್ಚ ನ್ಯಾಯಾಲಯವು ಪರಿಹಾರವನ್ನು ನಿರಾಕರಿಸಿತು. ಬಂಧನ, ಜಪ್ತಿಗಳು ಸಾರ್ವಭೌಮ ಕಾರ್ಯಗಳೆಂಬುದೇ ಅದಕ್ಕೆ ಕಾರಣ. ಹೊಣೆಯ ಮಿತಿ ಇಲ್ಲಿ ಸೊನ್ನೆ!

ಈ ನಿಲುವು ಬಹಳಷ್ಟು ಸಡಿಲಗೊಂಡಿದೆ. 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ, ಅಗತ್ಯ ವಸ್ತುಗಳ ಕಾಯ್ದೆಯಡಿ ಜಪ್ತಿಯಾಗಿ ಸರ್ಕಾರದ ವಶದಲ್ಲಿ ಹಾಳಾದ ರಸಗೊಬ್ಬರಕ್ಕೆ ಆಂಧ್ರಪ್ರದೇಶ ಸರ್ಕಾರವೇ ಹೊಣೆಯೆಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. ಜೀವ, ಸ್ವಾತಂತ್ರ್ಯಗಳ ಹಕ್ಕಿಗೆ ಭಂಗ ಬಂದಲ್ಲಿ ಸಾರ್ವಭೌಮ ವಿನಾಯಿತಿಯ ವಾದ ಸಲ್ಲದೆಂಬುದು 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿಯೇ ಸ್ಥಿರಪಟ್ಟಿತ್ತು.

ಆದರೆ ಶಾಸನವೇ ವಿಧಿಸಿದ ಮಿತಿಯ ಮಾತು ಬೇರೆ. ಸರ್ಕಾರದ ಮೇಲೆ ದಾವೆ ಹೂಡಲು ಅವಕಾಶವೀಯುವ ಸಂವಿಧಾನದ 300ನೇ ಅನುಚ್ಛೇದವೇ ಆ ಹೊಣೆಯನ್ನು ಶಾಸನದ ಮೂಲಕ ನಿಯಂತ್ರಿಸಲು ಶಾಸಕಾಂಗಕ್ಕೆ ಎಡೆಮಾಡಿದೆ. ಹಾಗೆಂದು ಯಾವ ಮಿತಿಯಾದರೂ ನಿಲ್ಲುವುದೆಂದಲ್ಲ. 14ನೇ ಅನುಚ್ಛೇದದ ಸಮಾನತೆಯ ಒರೆಗಲ್ಲಿಗೆ ಅದು ಒಳಪಡಲೇಬೇಕು.

ನಮ್ಮ ವರ್ತಕರಿಗೆ ಹತ್ತಿರದ ಉದಾಹರಣೆ 1989ರ ರೈಲ್ವೆ ಕಾಯ್ದೆಯ 103ನೇ ಪ್ರಕರಣ. ಸರಕಿನ ಮೌಲ್ಯವನ್ನು ಘೋಷಿಸದಿದ್ದಲ್ಲಿ ರೈಲ್ವೆಯ ಹೊಣೆ ತೂಕದ ಲೆಕ್ಕಕ್ಕೆ ಸೀಮಿತ. 1990ರ ನಿಯಮಗಳು ಸಾಮಾನ್ಯ ಸರಕಿಗೆ ನಿಗದಿಪಡಿಸಿದ್ದು ಕಿಲೋಗೆ 50 ರೂಪಾಯಿ. ಕಿಲೋಗೆ 600 ರೂಪಾಯಿ ಬೆಲೆಯ 200 ಕಿಲೋ ತಾಮ್ರದ ತಂತಿ ಕಳೆದುಹೋಯಿತೆನ್ನಿ. ಆ ದರದಲ್ಲಿ 1,20,000 ರೂಪಾಯಿಯ ನಷ್ಟಕ್ಕೆ ದೊರೆಯುವುದು 10,000 ಮಾತ್ರ. ಉಳಿದುದು ನಮ್ಮ ಲಾಭ-ನಷ್ಟ ಖಾತೆಗೆ! ಆದರೆ ಸರಕು ಒಪ್ಪಿಸುವಾಗಲೇ ಮೌಲ್ಯವನ್ನು ಘೋಷಿಸಿ, ಹೆಚ್ಚುವರಿ ಮೌಲ್ಯದ ಮೇಲೆ ನಿಗದಿತ ಶೇಕಡಾವಾರು ಶುಲ್ಕವನ್ನು ತೆತ್ತರೆ ಹೊಣೆಯು ಘೋಷಿತ ಮೌಲ್ಯದವರೆಗೆ ಏರುತ್ತದೆ. ಮಿತಿಯನ್ನು ದಾಟುವ ಬಾಗಿಲನ್ನು ಶಾಸನವೇ ತೆರೆದಿರಿಸಿರುವುದರಿಂದ ಇದನ್ನು ಸ್ವೇಚ್ಛಾಚಾರದ ಮಿತಿಯೆಂದು ಸಾಧಿಸುವುದು ಕಷ್ಟವೆಂದೇ ನನ್ನ ಅಭಿಪ್ರಾಯ.

2023ರ ಅಂಚೆ ಕಛೇರಿ ಕಾಯ್ದೆಯ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ. ನಿಯಮಗಳಲ್ಲಿ ಸೂಚಿಸಿದ ಹೊಣೆಯ ಹೊರತು ಅಂಚೆಗೆ ಅನ್ಯ ಹೊಣೆಯಿಲ್ಲವೆನ್ನುತ್ತದೆ ಅದರ 10ನೇ ಪ್ರಕರಣ. ಪರಿಹಾರದ ಅಳತೆಗೋಲು ಹೀಗೆ ಪರಿಹಾರ ಕೊಡಬೇಕಾದ ಸರ್ಕಾರದ ಕೈಯಲ್ಲೇ ಉಳಿದಿದೆ.

ಅಂದಹಾಗೆ, ರೈಲ್ವೆಯಲ್ಲಿ ಸರಕು ಕಳೆದರೆ ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ಲಿಖಿತ ನೋಟಿಸು ತಲುಪಬೇಕೆಂದು 106ನೇ ಪ್ರಕರಣ ವಿಧಿಸುತ್ತದೆ. ಸರಕು ಕಳೆದುದು ತಿಳಿದ ದಿನದಿಂದಲ್ಲ.