ಅಗ್ಗದ ಗಿಟಾರಿಗೆ ಒರಟು ದನಿ

ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ಒಂದು ನೂಲೆಳೆ ಸರಿಸಿದರೆ ಸಪ್ಪೆ ನಾದವು ಝೇಂಕರಿಸತೊಡಗುತ್ತದೆ. ವೀರೇಶ್ವರ ಪುಣ್ಯಾಶ್ರಮದ ಗದಗ ಸೀಮೆಯವರಾದ ನಮಗೆ ಈ ಜವಾರಿ ಹೊಸದಲ್ಲ. ಲಕ್ಕುಂಡಿಯಲ್ಲಿ ನಾನು ಬಾರಿಸುವ ಅಗ್ಗದ ವಿದ್ಯುತ್ ಗಿಟಾರಿಗೂ ಇಂಥದೇ ಉಪಾಯವುಂಟು.

ಇದು ಸೊಂಟ ಓರೆಯಾದ ಜಾತಿ. ಫೆಂಡರ್ ಕಂಪನಿಯು 1958ರಲ್ಲಿ ಜಾಝ್‌ಮಾಸ್ಟರ್, 1962ರಲ್ಲಿ ಜಾಗ್ವಾರ್ ಎಂದು ಹೊರತಂದುದರ ಅನುಕರಣ. ಇದರ ತಂತಿ ಕುದುರೆಯನ್ನು ಗಟ್ಟಿಯಾಗಿ ಒತ್ತದು. ಜೋರಾಗಿ ಮೀಟಿದರೆ ಜಾರುತ್ತದೆ. ಕತ್ತು ಒಡಲಿಗೆ ಕೂಡುವ ಗುಳಿಯಲ್ಲಿ, ಕುದುರೆಯ ಕಡೆಯ ಅಂಚಿಗೆ, ತೆಳು ರಟ್ಟನ್ನಿಟ್ಟೆನು. ಕತ್ತು ಹಿಂದಕ್ಕೆ ವಾಲಿತು. ಕುದುರೆಯನ್ನು ಎತ್ತರಿಸಿ ದಪ್ಪ ತಂತಿ ಬಿಗಿದೆನು. ಖರ್ಚು ತಂತಿಯದಷ್ಟೇ!

ಇನ್ನು ಗ್ರಂಜ್ ಎಂಬ ಸಿಯಾಟಲ್ ಸಂಗೀತದ ಗೊರಗು. ಅದಕ್ಕೆ ಒಂಟಿ ಸುರುಳಿಯ ಪಿಕಪ್ ತೆಗೆದು ಜೋಡಿ ಸುರುಳಿಯದನ್ನು ಕೂಡಿಸಬೇಕು. ಸುತ್ತೂ ಅಯಸ್ಕಾಂತದ ಧ್ರುವವೂ ಪರಸ್ಪರ ವಿರುದ್ಧವಾದ ಈ ಸುರುಳಿಗಳು ಕರೆಂಟಿನ ಗುಂಯ್ ಸದ್ದನ್ನು ಅಳಿಸಿ, ತಂತಿಯ ಸದ್ದನ್ನು ಹೆಚ್ಚಿಸುತ್ತವೆ. ಆಂಪ್ಲಿಫೈಯರ್ ಅದನ್ನು ತಾಳದೆ ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಒರಟುತನ ಹುಟ್ಟುವುದು ಅಲ್ಲಿ. ನಿರ್ವಾಣ ತಂಡದ ಕರ್ಟ್ ಕೋಬೇನನ 1965ರ ಜಾಗ್ವಾರಿನಲ್ಲಿಯೂ ಜೋಡಿ ಸುರುಳಿಗಳೇ ಇದ್ದವು.

ಹೊಸ ವಾದ್ಯಕ್ಕೆ ಹಣ ಕೂಡಿಸುತ್ತಿರುವ ಮಿತ್ರರು ಮೊದಲು ರಟ್ಟಿನ ತುಂಡನ್ನು ಪರೀಕ್ಷಿಸಲಿ. ಪಿಕಪ್ಪಿನ ಬೆಸುಗೆಗೆ ಟಿ.ವಿ. ರಿಪೇರಿಯವರು ಸಾಕು, ಗುಳಿ ಚಿಕ್ಕದಾದರೆ ಮಾತ್ರ ಬಡಿಗೇರರ ಉಳಿ ಬೇಕಾದೀತು.