ಸಾಮಾಯಿಕ ಬೋರಿನ ನೀರಿಗೆ ಯಾರು ಎಷ್ಟು ಕೊಡಬೇಕು?



ಗುಳೇದಗುಡ್ಡದ ಸುತ್ತಿನ ಒಂದು ಹಳ್ಳಿಗೆ ಮನೆ ಭೇಟಿಗೆಂದು ಹೋದಾಗ ಒಬ್ಬ ತಾಯಿ ನನ್ನ ಮುಂದೆ ಒಂದು ಪ್ರಶ್ನೆ ಇಟ್ಟರು. "ನೀರ ಬರದ ಹೊಲಕ್ಕ ನಾ ರೊಕ್ಕ ಯಾಕ ಕೊಡ್ಲಿ, ಫಾದರ್?" ನಾನು ಆಗ ಉತ್ತರ ಕೊಡಲಿಲ್ಲ. ಚಹಾ ಕುಡಿದು, ಪ್ರಾರ್ಥನೆ ಮಾಡಿ ಎದ್ದು ಬಂದೆ. ಆದರೆ ಆ ಪ್ರಶ್ನೆ ನನ್ನ ಹಿಂದೆಯೇ ಬಂತು. ಸೆಮಿನರಿಯಲ್ಲಿ ನ್ಯಾಯದ ಬಗ್ಗೆ ವರ್ಷಗಟ್ಟಲೆ ಓದಿದವನಿಗೆ ಒಂದು ಮೋಟಾರಿನ ರಿಪೇರಿ ಬಿಲ್ಲನ್ನು ನ್ಯಾಯವಾಗಿ ಹಂಚಲು ಬರುವುದಿಲ್ಲವೆಂದರೆ ಓದಿದ್ದು ಏತಕ್ಕೆ?

ಸಂಗತಿ ಇಷ್ಟು. ಮಾವ ತೀರಿಕೊಂಡ ಮೇಲೆ ಮೂರು ಎಕರೆ ಹೊಲ ಮೂವರು ಗಂಡುಮಕ್ಕಳಿಗೆ ವಾಟಣಿಯಾಯಿತು. ಬೋರು ಹಿರಿಯಣ್ಣನ ಪಾಲಿನಲ್ಲಿ ಉಳಿಯಿತು. ಪತ್ರದಲ್ಲಿ ಬರೆದದ್ದು ಒಂದೇ ಸಾಲು: ಬೋರು ಮೂವರಿಗೂ ಸಾಮಾಯಿಕ. ಯಾರಿಗೆ ಎಷ್ಟು ತಾಸು, ಕೆಟ್ಟರೆ ಯಾರು ಎಷ್ಟು ಹಾಕಬೇಕು, ಕೊನೆಯ ಹೊಲಕ್ಕೆ ನೀರು ಹೇಗೆ ಮುಟ್ಟಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಕಿರಿಯ ಮಗ ತೀರಿಕೊಂಡ. ಅವನ ಹೆಂಡತಿ, ನಾನು ಹೇಳಿದ ಆ ತಾಯಿ, ತುದಿಯ ಹೊಲದ ಹತ್ತು ಗುಂಟೆಯಲ್ಲಿ ಬದನೆ, ಮೆಂತೆ, ಸಬ್ಬಸಗಿ ಬೆಳೆದು ಸಂತೆಗೆ ಒಯ್ದು ಮಕ್ಕಳನ್ನು ಓದಿಸುತ್ತಾರೆ. ಹಿರಿಯಣ್ಣ ಅರ್ಧ ಎಕರೆ ಕಬ್ಬು ಹಚ್ಚಿದ್ದಾನೆ. ನಡುವಿನವನದು ಉಳ್ಳಾಗಡ್ಡಿ, ಮೆಣಸಿನಕಾಯಿ. ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ಎತ್ತಿ, ವೈಂಡಿಂಗ್ ಮಾಡಿಸಿ, ಇಳಿಸಲು 9,000 ರೂಪಾಯಿ. "ಮೂರು ಪಾಲು, ತಲೆಗೆ ಮೂರು ಸಾವಿರ" ಎಂದ ಹಿರಿಯಣ್ಣ. ತಾಯಿ ಒಪ್ಪಲಿಲ್ಲ. "ಹಂಗಾರ ನೀರೂ ಇಲ್ಲ" ಎಂದ. ಹನ್ನೊಂದು ದಿನ ತುದಿಯ ಹೊಲಕ್ಕೆ ನೀರು ಹೋಗಲಿಲ್ಲ. ಹೂ ಬಿಟ್ಟಿದ್ದ ಬದನೆ ಬಾಡಿ ನಿಂತಿತು.

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಒಳಗೇ. ಮಲಪ್ರಭೆಯ ದಂಡೆ ಬಿಟ್ಟು ಸ್ವಲ್ಪ ದೂರ ಹೋದರೆ ಬಾವಿ, ಬೋರೇ ಗತಿ. ಹಿಸ್ಸೆಯಾದಂತೆಲ್ಲ ಹೊಲ ತುಂಡಾಗುತ್ತದೆ, ಬೋರು ತುಂಡಾಗುವುದಿಲ್ಲ.

ಆ ತಾಯಿಯ ಪ್ರಶ್ನೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮಿಂದ ಬಹಳ ದೂರವಲ್ಲದ ನರಗುಂದ, ನವಲಗುಂದಗಳಲ್ಲಿ ಸಾವಿರಾರು ರೈತರು ಇದನ್ನೇ ಸರಕಾರಕ್ಕೆ ಕೇಳಿದ್ದರು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಬಂದ ಮೇಲೆ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿಯನ್ನೂ ಹೇರಲಾಯಿತು. ಕಾಗದದಲ್ಲಿ ನೀರಾವರಿ ಎಂದಿದ್ದ ಎಷ್ಟೋ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಕೆಲವೆಡೆ ಜವಳು ಹಿಡಿದು ಭೂಮಿಯೇ ಕೆಟ್ಟಿತ್ತು. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ಗೋಲಿಬಾರ್ ಆಗಿ ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಸತ್ತ ಪೊಲೀಸರಿಗೂ ಹೆಂಡತಿ ಮಕ್ಕಳಿದ್ದರು, ಅದನ್ನು ನಾವು ಮರೆಯಬಾರದು. ಆ ರೈತರಲ್ಲಿ ಬಹುಮಂದಿ ಕರವನ್ನೇ ಕೊಡೆವು ಎಂದವರಲ್ಲ. ಬಾರದ ನೀರಿಗೆ, ಆಗದ ಲಾಭಕ್ಕೆ ಏಕೆ ಎಂದವರು.

ಹಾಗಾದರೆ ನೀರಿಗೆ ರೊಕ್ಕ ಕೊಡುವುದೇ ತಪ್ಪೇ? "ನೀರು ದೇವರು ಕೊಟ್ಟದ್ದು, ಅದಕ್ಕೇನು ಬಿಲ್ಲು?" ಎಂದು ಕೇಳುವವರುಂಟು. ಮಳೆ ದೇವರದು, ಸರಿ. ಕೇಸಿಂಗ್ ಪೈಪು, ಕೇಬಲ್ಲು, ಸ್ಟಾರ್ಟರು ಆಕಾಶದಿಂದ ಬೀಳುವುದಿಲ್ಲ. ಸಂಖ್ಯಾಕಾಂಡದ 20ನೇ ಅಧ್ಯಾಯ ಓದಿರಿ. ಇಸ್ರಯೇಲರು ಎದೋಮ್ ನಾಡಿನ ಮೂಲಕ ಹಾದುಹೋಗಲು ಅಪ್ಪಣೆ ಕೇಳುವಾಗ, ನಾವೂ ನಮ್ಮ ದನಕರುಗಳೂ ನಿಮ್ಮ ನೀರು ಕುಡಿದರೆ ಅದಕ್ಕೆ ಹಣ ಕೊಡುತ್ತೇವೆ ಎಂದು ತಾವಾಗಿಯೇ ಮುಂದೆ ಬರುತ್ತಾರೆ. ಇನ್ನೊಬ್ಬರ ಶ್ರಮದಿಂದ ಮೇಲೆ ಬಂದ ನೀರಿಗೆ ಬೆಲೆಯುಂಟು ಎಂಬುದು ಅವರಿಗೆ ತಿಳಿದಿತ್ತು. ನಾವು ಕೊಡುವುದು ನೀರಿನ ಬೆಲೆಯಲ್ಲ, ನೀರನ್ನು ತಂದುಕೊಡುವ ಬೆಲೆ. ಈ ವ್ಯತ್ಯಾಸ ಹಿಡಿದರೆ ಅರ್ಧ ಜಗಳ ಬಗೆಹರಿಯುತ್ತದೆ. ಅದೇ ಕಾರಣಕ್ಕೆ ತಂದುಕೊಡದ ನೀರಿಗೆ ಬೆಲೆ ಕೇಳುವುದು ತಪ್ಪು.

2008ರಿಂದ ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಇದರಿಂದ ಬಡವರಿಗೆ ಉಪಕಾರವಾಗಿದೆ, ನಿಜ. ಜೊತೆಗೆ ಒಂದು ಮರೆವೂ ಬಂದಿದೆ. ತಿಂಗಳ ಬಿಲ್ಲು ಬಾರದಿದ್ದರೆ ನೀರಿಗೆ ಖರ್ಚೇ ಇಲ್ಲವೆಂದು ಅನಿಸುತ್ತದೆ. ಮೋಟಾರು ಸುಟ್ಟ ದಿನ ಒಮ್ಮೆಲೇ ಎಲ್ಲ ಖರ್ಚು ತಲೆಯ ಮೇಲೆ ಬೀಳುತ್ತದೆ. ಆಗ ಯಾರ ಕೈಯಲ್ಲೂ ರೊಕ್ಕವಿರುವುದಿಲ್ಲ, ಮಾತು ಮಾತ್ರ ಇರುತ್ತದೆ.

ಎರಡನೆಯ ಸಲ ಹೋದಾಗ ನಾನು ಉಪದೇಶ ಮಾಡಲಿಲ್ಲ. ಒಂದು 200 ಲೀಟರಿನ ಡ್ರಮ್ಮು ಕೇಳಿದೆ. ಬೋರಿನ ಬಾಯಲ್ಲಿ ಇಟ್ಟಾಗ ನಾಲ್ಕು ನಿಮಿಷಕ್ಕೆ ತುಂಬಿತು. ಅಂದರೆ ತಾಸಿಗೆ 3,000 ಲೀಟರ್. ಅದೇ ಡ್ರಮ್ಮನ್ನು ತುದಿಯ ಹೊಲಕ್ಕೆ ಒಯ್ದು, ತಗ್ಗು ತೋಡಿ ಇಳಿಸಿ, ಮಣ್ಣುಕಾಲುವೆಯಲ್ಲಿ ಹರಿದು ಬಂದ ನೀರು ಹಿಡಿದೆವು. ಆರು ನಿಮಿಷ ಬೇಕಾಯಿತು. ತಾಸಿಗೆ 2,000 ಲೀಟರ್. ಮೂರರಲ್ಲಿ ಒಂದು ಪಾಲು ದಾರಿಯ ಮಣ್ಣಿಗೆ, ಕಸಕ್ಕೆ ಹೋಗುತ್ತಿತ್ತು. ಒಂದು ಗುಂಟೆ ನೆಲದ ಮೇಲೆ ಒಂದು ಇಂಚು ನೀರು ನಿಲ್ಲಬೇಕಾದರೆ ಸುಮಾರು 2,570 ಲೀಟರ್ ಬೇಕು. ಆ ತಾಯಿಯ ಹತ್ತು ಗುಂಟೆಗೆ 25,700 ಲೀಟರ್. ಬೋರಿನ ಪಕ್ಕದಲ್ಲಿ ಅಷ್ಟೇ ನೆಲ ಇದ್ದವನಿಗೆ ಎಂಟೂವರೆ ತಾಸು ಸಾಕು, ತುದಿಯವರಿಗೆ ಹದಿಮೂರು ತಾಸು. ಹಾಗಿದ್ದ ಮೇಲೆ ಅವನ ಒಂದು ತಾಸು, ಅವರ ಒಂದು ತಾಸು ಸಮ ಹೇಗಾದೀತು? ಹಿರಿಯಣ್ಣ ಮೋಸ ಮಾಡುವ ಮನುಷ್ಯನಲ್ಲ. ಅವನು ಅಳೆದಿರಲಿಲ್ಲ, ಅಷ್ಟೆ.

ಪಂಜಾಬ್, ಹರಿಯಾಣದ ಕಾಲುವೆಗಳಲ್ಲಿ ವಾರಾಬಂದಿ ಎಂಬ ಹಳೆಯ ಪದ್ಧತಿ ಇದೆ. ವಾರದ 168 ತಾಸನ್ನು ಹೊಲದ ಅಳತೆಗೆ ತಕ್ಕಂತೆ ಹಂಚುತ್ತಾರೆ. ಖಾಲಿ ಕಾಲುವೆ ತುಂಬಿ ನೀರು ಹೊಲ ಮುಟ್ಟುವ ಹೊತ್ತನ್ನು 'ಭರಾಯಿ' ಎಂದು ಆ ರೈತನ ಪಾಳಿಗೆ ಕೂಡಿಸಿ ಕೊಡುತ್ತಾರೆ. ದೂರ ಇದ್ದವನಿಗೆ ದೂರದ ದಂಡ ಬೀಳಬಾರದೆಂಬ ವಿವೇಕ ಅದು.

ಇನ್ನು ಆ 9,000 ರೂಪಾಯಿ. ಮೂವರೂ ಕೂಡಿ ನೆನಪಿನಿಂದ ಲೆಕ್ಕ ಹಾಕಿದರು. ವರ್ಷದಲ್ಲಿ ಮೋಟಾರು ಹೆಚ್ಚುಕಡಿಮೆ 2,400 ತಾಸು ಓಡಿತ್ತು. ಹಿರಿಯಣ್ಣನಿಗೆ 1,200, ನಡುವಿನವನಿಗೆ 900, ತಾಯಿಗೆ 300. ಓಡಿದ್ದಕ್ಕೆ ತಕ್ಕಂತೆ ಹಂಚಿದರೆ 4,500, 3,375, 1,125 ರೂಪಾಯಿ. "ತಲೆಗೆ ಮೂರು ಸಾವಿರ" ಎಂಬುದು ಕೇಳಲು ಸಮಾನತೆ, ನಿಜದಲ್ಲಿ ವಿಧವೆಯೊಬ್ಬಳು ಕಬ್ಬಿನ ಖರ್ಚು ಹೊತ್ತಂತೆ. ಪ್ರತಿ ತಾಸಿಗೆ ಐದು ರೂಪಾಯಿಯಂತೆ ಮೊದಲೇ ಡಬ್ಬಿಗೆ ಹಾಕಿದ್ದರೆ 12,000 ಕೂಡಿರುತ್ತಿತ್ತು. ಬಿಲ್ಲು ಕೊಟ್ಟು ಮೂರು ಸಾವಿರ ಉಳಿಯುತ್ತಿತ್ತು, ಈ ಜಗಳವೇ ಇರುತ್ತಿರಲಿಲ್ಲ.

ಎಲ್ಲ ಖರ್ಚೂ ತಾಸಿನ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಓಡಿಸಿದಷ್ಟು ಸವೆಯುವುದು ಮೋಟಾರು. ಕೇಸಿಂಗ್, ಪಂಪ್‌ಮನೆ, ಕೇಬಲ್ಲು ಓಡಿಸಲಿ ಬಿಡಲಿ ಇರಲೇಬೇಕು. ಅವು ಹೊಲದ ಪಾಲಿನಂತೆ ಮೂವರ ಮೇಲೂ ಸಮ ಬೀಳಬೇಕು, ಏಕೆಂದರೆ ಹಕ್ಕು ಮೂವರದೂ ಸಮ. ತುದಿಯ ಹೊಲಕ್ಕೆ ಪೈಪು ಹಾಕುವ ಖರ್ಚು ಯಾರದು? ಈ ಮಾತಿಗೆ ಬಹಳ ಹೊತ್ತು ಚರ್ಚೆಯಾಯಿತು. ನನ್ನ ಅಭಿಪ್ರಾಯ ಮೂವರದೂ ಎಂದೇ. ಬೋರು ಅಲ್ಲಿ ಕೊರೆದದ್ದು ಅವಿಭಕ್ತ ಮನೆತನ ಇದ್ದಾಗ, ತುದಿಯ ಪಾಲು ಬಂದದ್ದು ವಾಟಣಿಯಲ್ಲಿ. ದೂರವನ್ನು ಆ ತಾಯಿ ಆರಿಸಿಕೊಂಡದ್ದಲ್ಲ. ಅಲ್ಲದೆ ದಾರಿಯಲ್ಲಿ ಇಂಗುವ ನೀರು ಮೂವರದು.

ಕುಡಿಯುವ ನೀರಿನ ಕೊಡಕ್ಕೆ ಮಾತ್ರ ಲೆಕ್ಕವೇ ಬೇಡ. ಕುಡಿಯುವ ನೀರು ಮಾನವ ಹಕ್ಕೆಂದು 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. ಜಗದ್ಗುರು ಫ್ರಾನ್ಸಿಸರೂ 2015ರ ತಮ್ಮ ವಿಶ್ವಪತ್ರದಲ್ಲಿ ಅದನ್ನೇ ಒತ್ತಿ ಹೇಳಿದರು.

ಕಬ್ಬಿನ ಮಾತಿಗೆ ಬರೋಣ. ಪಕ್ಕದ ಮಹಾರಾಷ್ಟ್ರದಲ್ಲಿ, ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವ್‌ನಲ್ಲಿ, 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರರು ಪಾಣಿ ಪಂಚಾಯತ್ ಎಂಬ ಪ್ರಯೋಗ ನಡೆಸಿದರು. ನೀರಿನ ಪಾಲು ಹೊಲದ ಅಳತೆಗಲ್ಲ, ಮನೆಯ ಜನರಿಗೆ: ತಲೆಗೆ ಅರ್ಧ ಎಕರೆಗಾಗುವಷ್ಟು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆ. ಹೊಲವಿಲ್ಲದವರಿಗೂ ಪಾಲು ಉಂಟು. ಯೋಜನೆಯ ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತನ್ನು ರೈತರೇ ಹಾಕಬೇಕು. ಕಬ್ಬು ಬೆಳೆಯುವಂತಿಲ್ಲ. ನೀರು ಬಿಡಲು ಎಲ್ಲರೂ ಸೇರಿ ಒಬ್ಬ ಪಾಟ್ಕರಿಯನ್ನು ನೇಮಿಸುತ್ತಿದ್ದರು. ನಮ್ಮ ಮನೆತನಗಳಲ್ಲಿ ಇದನ್ನು ಇದ್ದಂತೆಯೇ ತರಲಾಗದು, ಉತಾರದ ಪ್ರಕಾರ ಹೊಲ ಯಾರದೋ ಅವರದೇ. ಆದರೂ ಒಂದು ಮಾತು ಕಲಿಯಬಹುದು. ಸಾಮಾಯಿಕ ನೀರಿನಲ್ಲಿ ಯಾವ ಬೆಳೆ ಎಂಬುದು ಒಬ್ಬನ ಖಾಸಗಿ ವಿಷಯವಲ್ಲ. ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ಬಗ್ಗೆ ಬರೆಯುವಾಗ ಇದೇ ಎಳೆ ಹಿಡಿಯುತ್ತಾರೆ: ಸ್ವಂತದ್ದನ್ನು ಮನುಷ್ಯ ಹೆಚ್ಚು ಜೋಪಾನ ಮಾಡುತ್ತಾನೆ, ಆದ್ದರಿಂದ ನೋಡಿಕೊಳ್ಳುವ ಅಧಿಕಾರ ಒಬ್ಬನಿಗಿರಲಿ, ಬಳಸುವಾಗ ಮಾತ್ರ ಕೊರತೆಯವರ ಪಾಲೂ ಅದರಲ್ಲಿದೆ ಎಂದು ತಿಳಿಯಲಿ.

ಹಿರಿಯಣ್ಣನ ಕೊನೆಯ ವಾದ: "ಆರ್.ಆರ್. ನಂಬರು ನನ್ನ ಹೆಸರಿಗೈತಿ." ಆ ನಂಬರು ಬಿಲ್ಲು ಯಾರ ಹೆಸರಿಗೆ ಎಂದು ಹೇಳುತ್ತದೆ, ನೀರು ಯಾರದೆಂದು ಹೇಳುವುದು ವಾಟಣಿ ಪತ್ರ. ಓದುಗರಲ್ಲಿ ಯಾರ ಮನೆಯಲ್ಲಾದರೂ ವಾಟಣಿ ನಡೆಯುವುದಿದ್ದರೆ, ಪಾಳಿಯ ತಾಸು, ಪೈಪಿನ ದಾರಿ, ರಿಪೇರಿಯ ಪಾಲು ಇವನ್ನು ಬರೆಸಿಯೇ ರಿಜಿಸ್ಟರ್ ಮಾಡಿಸಿರಿ. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಬರೆಯಬೇಕು, ಕೆಟ್ಟ ಮೇಲೆ ವಕೀಲರು ಬರೆಯುತ್ತಾರೆ.

ರಾತ್ರಿಯ ಮಾತು ಯಾರೂ ಎತ್ತಿರಲಿಲ್ಲ, ನಡುವಿನವನ ಹೆಂಡತಿ ಎತ್ತಿದಳು. ಮೂರು ಫೇಸಿನ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಗಲಿನ ತಾಸು ಗಂಡಸರಿಗೆ ಹೋಗಿ, ತುದಿಯ ಹೊಲದ ಪಾಳಿ ಹೆಚ್ಚಾಗಿ ರಾತ್ರಿಯೇ ಬರುತ್ತಿತ್ತು. ಮಕ್ಕಳನ್ನು ಮಲಗಿಸಿ, ಬ್ಯಾಟರಿ ಹಿಡಿದು, ಹಾವಿನ ಅಂಜಿಕೆಯಲ್ಲಿ ಆ ತಾಯಿ ಮಡಿಗೆ ನೀರು ತಿರುವುತ್ತಿದ್ದರು. "ನಮ್ಮ ನೆಗೆಣ್ಣಿ ಒಬ್ಬಾಕಿನ ಕತ್ತಲದಾಗ ಹೋಗೂದು ನನಗ ಸರಿ ಕಾಣಂಗಿಲ್ಲ" ಎಂದಳು. ಹಿರಿಯಣ್ಣ ತಲೆ ತಗ್ಗಿಸಿದ.

ಆದಿಕಾಂಡದ 29ನೇ ಅಧ್ಯಾಯದಲ್ಲಿ ಹಾರಾನಿನ ಬಾವಿಯ ಮೇಲೆ ದೊಡ್ಡ ಕಲ್ಲು ಮುಚ್ಚಿರುತ್ತಾರೆ. ಎಲ್ಲ ಮಂದೆಗಳೂ ಬಂದು ಕೂಡುವ ತನಕ ಅದನ್ನು ಸರಿಸುವಂತಿಲ್ಲ. ಮೊದಲು ಬಂದವನು ಕಾಯಬೇಕು, ಕಡೆಗೆ ಬಂದವನಿಗೂ ನೀರು ಉಳಿದಿರಬೇಕು. (ರಾಖೇಲಳನ್ನು ಕಂಡ ಯಕೋಬ ಒಬ್ಬನೇ ಕಲ್ಲು ಸರಿಸಿ ಪಾಳಿ ಮುರಿದ, ಆದರೆ ಅದು ಬೇರೆ ಕಥೆ.) ಇಲ್ಲಿ ಆ ಕಲ್ಲು ಎಂದರೆ ಪಂಪ್‌ಮನೆಯ ಕೀಲಿ. ಕೀಲಿಯೂ ಹಿರಿಯಣ್ಣನದೇ, ತೀರ್ಪೂ ಅವನದೇ ಆಗಿತ್ತು. ಸ್ಪೇನ್ ದೇಶದ ವೇಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಪ್ರಧಾನಾಲಯದ ಬಾಗಿಲಲ್ಲಿ ರೈತರೇ ಆರಿಸಿದ ಎಂಟು ಕಾಲುವೆಗಳ ಪ್ರತಿನಿಧಿಗಳು ಕೂತು ನೀರಿನ ವ್ಯಾಜ್ಯ ತೀರಿಸುತ್ತಾರೆ. 2009ರಲ್ಲಿ ಯುನೆಸ್ಕೋ ಆ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ತನ್ನ ಕಾಲುವೆಯ ವ್ಯಾಜ್ಯ ಬಂದಾಗ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವುದಿಲ್ಲ.

ಈಗ ಕೀಲಿಗಳು ಮೂರು. ಡಬ್ಬಿ ಮತ್ತು ವಹಿ ಪಕ್ಕದ ಹೊಲದ ಹಿರಿಯರೊಬ್ಬರ ಮನೆಯಲ್ಲಿವೆ, ಅವರಿಗೆ ಈ ನೀರಿನಲ್ಲಿ ಪಾಲಿಲ್ಲ. ತಾಸಿಗೆ ಐದು ರೂಪಾಯಿ. ತುದಿಯ ಹೊಲದ ತಾಸು ಶುರುವಾಗುವುದು ನೀರು ಮಡಿ ಮುಟ್ಟಿದ ಮೇಲೆ. ರಾತ್ರಿಯ ವಾರದಲ್ಲಿ ಆ ತಾಯಿಯ ಪಾಳಿ ನಡುವಿನವನ ಪಾಳಿಗೆ ಹೊಂದಿಕೊಂಡಿರಬೇಕು, ಗಂಡ ಹೆಂಡತಿ ಇಬ್ಬರೂ ಜೊತೆಗೆ ಹೋಗುತ್ತಾರೆ. ಕೈಯಲ್ಲಿ ರೊಕ್ಕ ಇಲ್ಲದ ತಿಂಗಳು ವಹಿಯಲ್ಲಿ ಬಾಕಿ ಬರೆಯುವುದು, ನೀರು ನಿಲ್ಲಿಸುವಂತಿಲ್ಲ. ಬಾಕಿ ತೀರುವುದು ಮಾಲು ಸಂತೆಗೆ ಹೋದ ಮೇಲೆ. ಪೈಪಿನ ರೊಕ್ಕ ಇನ್ನೂ ಪೂರ್ತಿ ಕೂಡಿಲ್ಲ, ಅರ್ಧ ದಾರಿಯವರೆಗೆ ಹಾಕಿದ್ದಾರೆ. ಕಬ್ಬಿನ ಕುಳೆಯನ್ನು ಇನ್ನೊಂದು ವರ್ಷ ಬಿಡುತ್ತೇನೆಂದು ಹಿರಿಯಣ್ಣ ಹಟ ಹಿಡಿದಿದ್ದಾನೆ. ಅದಕ್ಕಾಗಿ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮತ್ತೆ ಕೂಡುವುದೆಂದು ಮಾತಾಗಿದೆ.